ಅಮೆರಿಕದ ಸಮುದಾಯ ಕಾಲೇಜು: ಪ್ರವೇಶ, ಅನ್ನ, ಉದ್ಯೋಗ

ಅಮೆರಿಕದ ಉನ್ನತ ವಿದ್ಯಾಭ್ಯಾಸವೆಂದೊಡನೆ ನಮ್ಮವರ ಮನಸ್ಸಿಗೆ ಬರುವುದು ಹಾರ್ವರ್ಡ್, ಸ್ಟ್ಯಾನ್‌ಫರ್ಡ್, ಎಂ.ಐ.ಟಿ. ಮೊದಲಾದ ಹೆಸರುಗಳು. ಆ ಸಂಸ್ಥೆಗಳ ಕೀರ್ತಿ ಅವುಗಳಿಗೆ ಸಲ್ಲತಕ್ಕದ್ದೇ. ಆದರೆ ಆ ದೇಶದ ಸಾಮಾನ್ಯ ಸಂಸಾರಗಳ ಮಕ್ಕಳು, ಕಾರ್ಖಾನೆ ಮುಚ್ಚಿದ್ದರಿಂದ ಕೆಲಸ ಕಳೆದುಕೊಂಡ ನಡುವಯಸ್ಸಿನವರು, ಅರ್ಧಕ್ಕೆ ನಿಂತ ಓದನ್ನು ಮಗುವನ್ನು ಕಟ್ಟಿಕೊಂಡೇ ಮುಂದುವರಿಸಬೇಕೆನ್ನುವ ತಾಯಂದಿರು, ಇಂಗ್ಲಿಷ್ ಬಾರದೆ ಹೊಸದಾಗಿ ಬಂದಿಳಿದ ವಲಸೆಗಾರರು, ಇವರೆಲ್ಲ ಓದಲು ಹೋಗುವುದು ಅಲ್ಲಿಗಲ್ಲ. ತಮ್ಮ ಊರಿನ ಅಥವಾ ನೆರೆಯೂರಿನ ಸಮುದಾಯ ಕಾಲೇಜಿಗೆ. ಇಂಥ ಕಾಲೇಜುಗಳು ಆ ದೇಶದಲ್ಲಿ ಸುಮಾರು ಒಂದು ಸಾವಿರ ಇವೆ. ಎರಡು ವರ್ಷದ ವ್ಯಾಸಂಗದ ಕೊನೆಗೆ ದೊರೆಯುವ ಅಸೋಸಿಯೇಟ್ ಪದವಿ, ಅದಕ್ಕಿಂತಲೂ ಅಲ್ಪಾವಧಿಯಲ್ಲಿ ಒಂದು ಕಸುಬನ್ನು ಕಲಿಸಿ ಕೊಡುವ ಪ್ರಮಾಣಪತ್ರ, ಅಥವಾ ಎರಡು ವರ್ಷ ಇಲ್ಲಿ ಓದಿ ವಿಶ್ವವಿದ್ಯಾನಿಲಯದ ಮೂರನೆಯ ವರ್ಷಕ್ಕೆ ಸೇರುವ ಅವಕಾಶ, ಇವೇ ಅವು ನೀಡುವ ಮುಖ್ಯ ಫಲಗಳು. ಪ್ರವೇಶಕ್ಕೆ ಅಂಕಗಳ ಕಟ್ಟುನಿಟ್ಟಿಲ್ಲ. ಬಂದವರನ್ನು ಹಿಂದಕ್ಕೆ ಕಳುಹಿಸುವ ಪದ್ಧತಿಯಿಲ್ಲ. ಬಾಗಿಲು ಹೀಗೆ ತೆರೆದಿದ್ದರೂ ಒಳಗೆ ಬಂದವರಲ್ಲಿ ಬಹುಮಂದಿ ಗುರಿ ಮುಟ್ಟದೆಯೇ ಹೊರಟುಹೋಗುವುದೇಕೆ, ಅವರನ್ನು ಕರೆತಂದು, ಉಳಿಸಿಕೊಂಡು, ಒಂದು ಜೀವನೋಪಾಯಕ್ಕೆ ಮುಟ್ಟಿಸಲು ಆ ದೇಶದವರು ಕೈಕೊಂಡಿರುವ ಉಪಾಯಗಳಲ್ಲಿ ಯಾವುವು ಫಲಿಸಿದುವು, ಯಾವುವು ಫಲಿಸಲಿಲ್ಲ ಎಂಬುದನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಈ ಕಾಲೇಜುಗಳ ಹುಟ್ಟಿನ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಿಬಿಡಬಹುದು. 1901ರಲ್ಲಿ ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಎಂಬ ಊರಿನಲ್ಲಿ, ಅಲ್ಲಿನ ಪ್ರೌಢಶಾಲೆಯ ಮುಖ್ಯಾಧಿಕಾರಿ ಜೆ. ಸ್ಟ್ಯಾನ್ಲಿ ಬ್ರೌನ್ ಮತ್ತು ಶಿಕಾಗೊ ವಿಶ್ವವಿದ್ಯಾನಿಲಯದ ಅಧ್ಯಕ್ಷ ವಿಲಿಯಂ ರೈನಿ ಹಾರ್ಪರ್ ಇವರಿಬ್ಬರ ಆಲೋಚನೆಯ ಫಲವಾಗಿ ಆರು ಮಂದಿ ವಿದ್ಯಾರ್ಥಿಗಳೊಡನೆ ಆರಂಭವಾದ ಜೂನಿಯರ್ ಕಾಲೇಜು, ಇಂದಿಗೂ ನಡೆದುಬಂದಿರುವ ಈ ಬಗೆಯ ಸಾರ್ವಜನಿಕ ಕಾಲೇಜುಗಳಲ್ಲೆಲ್ಲ ಹಿರಿಯದು. ಎರಡನೆಯ ಮಹಾಯುದ್ಧದಿಂದ ಹಿಂದಿರುಗಿದ ಸೈನಿಕರಿಗೆ ಓದಿನ ವೆಚ್ಚ ಕೊಡಿಸಿದ 1944ರ ಕಾನೂನು ಇಂಥ ಕಾಲೇಜುಗಳಿಗೆ ಒಮ್ಮೆಗೇ ಜನವನ್ನು ತಂದಿತು. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗ, ಪ್ರಜಾಪ್ರಭುತ್ವಕ್ಕೆ ಉನ್ನತ ವಿದ್ಯೆಯ ಪ್ರಸಾರ ಅಗತ್ಯವೆಂದೂ, ಜನರು ವಾಸಿಸುವ ಸ್ಥಳದ ಸಮೀಪದಲ್ಲಿಯೇ ಅದು ದೊರೆಯಬೇಕೆಂದೂ ಸಾರಿತು. 1960ರ ಕ್ಯಾಲಿಫೋರ್ನಿಯಾ ಮಹಾಯೋಜನೆಯು, ಕ್ಲಾರ್ಕ್ ಕೆರ್ ಅವರ ನೇತೃತ್ವದಲ್ಲಿ, ವಿಶ್ವವಿದ್ಯಾನಿಲಯಗಳ ಎರಡು ಶ್ರೇಣಿಗಳ ಕೆಳಗೆ ಈ ಕಾಲೇಜುಗಳನ್ನು ಎಲ್ಲರಿಗೂ ತೆರೆದ ಮೂರನೆಯ ಶ್ರೇಣಿಯಾಗಿ ಸ್ಥಾಪಿಸಿತು. ಇಂದು ಆ ಒಂದು ಸಂಸ್ಥಾನದಲ್ಲಿಯೇ 116 ಸಮುದಾಯ ಕಾಲೇಜುಗಳಿವೆ. ಟಾಮ್ ಹ್ಯಾಂಕ್ಸ್‌ನಂಥ ನಟನೂ, ಬಾಹ್ಯಾಕಾಶ ನೌಕೆಯ ನಾಯಕತ್ವ ವಹಿಸಿದ ಮೊದಲನೆಯ ಮಹಿಳೆ ಐಲೀನ್ ಕಾಲಿನ್ಸ್ ಅವರೂ ಇಂಥ ಕಾಲೇಜುಗಳಲ್ಲಿ ಓದಿ ಮುಂದೆ ಹೋದವರು.

ಆದರೆ ಇಂಥವರ ಹೆಸರುಗಳನ್ನು ಎಣಿಸಿ ತೃಪ್ತರಾಗುವುದು ಯುಕ್ತವಲ್ಲ. ಮಹಾಯೋಜನೆ ಹೊರಬಂದ ಆ 1960ರಲ್ಲಿಯೇ ಬರ್ಟನ್ ಕ್ಲಾರ್ಕ್ ಎಂಬ ಸಮಾಜಶಾಸ್ತ್ರಜ್ಞರು ಸ್ಯಾನ್ ಹೋಸೆಯ ಕಾಲೇಜನ್ನು ಹತ್ತಿರದಿಂದ ಅಭ್ಯಸಿಸಿ ಒಂದು ಕಹಿಯಾದ ಸತ್ಯವನ್ನು ಹೊರಗಿಟ್ಟರು. ದೊಡ್ಡ ಆಸೆಯೊಡನೆ ಬಂದ ವಿದ್ಯಾರ್ಥಿಯನ್ನು ಕಾಲೇಜು ಬೇಡವೆನ್ನುವುದಿಲ್ಲ. ಪರೀಕ್ಷೆ, ಸಲಹೆ, ಹಿಂದುಳಿದವರಿಗಾಗಿ ನಡೆಸುವ ಪರಿಹಾರ ತರಗತಿ ಇವುಗಳ ಮೂಲಕ ಮೆಲ್ಲಮೆಲ್ಲನೆ ಅವನ ಆಸೆಯ ಕಾವನ್ನು ಇಳಿಸಿ, ಕೊನೆಗೆ ಸೋಲು ತನ್ನದೇ ಎಂದು ಅವನು ಒಪ್ಪಿಕೊಳ್ಳುವಂತೆ ಮಾಡುತ್ತದೆ ಎಂಬುದು ಅವರ ಪ್ರತಿಪಾದನೆ. ಅರವತ್ತು ವರ್ಷಗಳ ಮೇಲೆಯೂ ಅಂಕಿಅಂಶಗಳು ಆ ಮಾತನ್ನು ಪೂರ್ತಿಯಾಗಿ ಅಲ್ಲಗಳೆಯುತ್ತಿಲ್ಲ. ಸಮುದಾಯ ಕಾಲೇಜಿಗೆ ಸೇರುವವರಲ್ಲಿ ಶೇಕಡಾ 80ರಷ್ಟು ಮಂದಿ ಮುಂದೆ ನಾಲ್ಕು ವರ್ಷದ ಪದವಿಯನ್ನು ಪಡೆಯುವ ಸಂಕಲ್ಪದಿಂದ ಸೇರುತ್ತಾರೆ; ಅವರಲ್ಲಿ ವಿಶ್ವವಿದ್ಯಾನಿಲಯಕ್ಕೆ ದಾಟುವವರು ಸುಮಾರು ಮೂರನೆಯ ಒಂದು ಪಾಲು; ಆರು ವರ್ಷಗಳೊಳಗಾಗಿ ಆ ಪದವಿಯನ್ನು ಕೈಗೆ ತೆಗೆದುಕೊಳ್ಳುವವರು ನೂರಕ್ಕೆ ಹದಿನಾರು. ಸಂಕಲ್ಪಕ್ಕೂ ಸಿದ್ಧಿಗೂ ನಡುವೆ ಇಷ್ಟು ದೊಡ್ಡ ಅಂತರವಿರುವಾಗ, ಅದನ್ನು ವಿದ್ಯಾರ್ಥಿಗಳ ಸೋಮಾರಿತನಕ್ಕೆ ಆರೋಪಿಸುವುದು ವಿಚಾರವಂತರಿಗೆ ತಕ್ಕ ಮಾತಲ್ಲ.

ಮೊದಲು ಪ್ರವೇಶದ ವಿಷಯವನ್ನು ತೆಗೆದುಕೊಳ್ಳೋಣ. ಶುಲ್ಕ ಕಡಮೆಯೆಂಬುದು ನಿಜ. ಕ್ಯಾಲಿಫೋರ್ನಿಯಾದಲ್ಲಿ 1984ರವರೆಗೆ ಶುಲ್ಕವೇ ಇರಲಿಲ್ಲ. ಈಗಲೂ ಅಲ್ಲಿನ ನಿವಾಸಿಗೆ ಯೂನಿಟ್ ಒಂದಕ್ಕೆ 46 ಡಾಲರ್, ಹನ್ನೆರಡು ಯೂನಿಟ್ಟುಗಳ ಪೂರ್ಣ ಸೆಮಿಸ್ಟರಿಗೆ 552 ಡಾಲರ್. ಇಡೀ ದೇಶದ ಸರಾಸರಿಯನ್ನು ಹಿಡಿದರೂ ವರ್ಷಕ್ಕೆ 4,000 ಡಾಲರಿನ ಆಸುಪಾಸು. ಬಡವರಿಗಾಗಿ ಕೇಂದ್ರ ಸರ್ಕಾರ 1972ರಲ್ಲಿ ಏರ್ಪಡಿಸಿ, ಮುಂದೆ ಸೆನೆಟರ್ ಕ್ಲೇಬೋರ್ನ್ ಪೆಲ್ ಅವರ ಹೆಸರಿಟ್ಟ ಅನುದಾನ ಇತ್ತೀಚಿನ ವರ್ಷಗಳಲ್ಲಿ ಗರಿಷ್ಠ 7,395 ಡಾಲರಿನವರೆಗೆ ಇರುವುದರಿಂದ, ಶುಲ್ಕವು ಬಡವನಿಗೆ ಅಡ್ಡಿಯಾಗಬಾರದು. ಆದರೆ ಆ ಅನುದಾನವನ್ನು ಪಡೆಯಲು ಫಾಫ್ಸಾ ಎಂಬ ಒಂದು ಅರ್ಜಿಯನ್ನು ತುಂಬಬೇಕು. ಹಳೆಯ ಅರ್ಜಿಯಲ್ಲಿ ನೂರಕ್ಕೂ ಮೀರಿದ ಪ್ರಶ್ನೆಗಳಿದ್ದುವು. ತಂದೆತಾಯಿಗಳ ಆದಾಯ ತೆರಿಗೆಯ ಲೆಕ್ಕವೆಲ್ಲ ಅದರಲ್ಲಿ ಬರಬೇಕು. ಮನೆಯಲ್ಲಿ ಯಾರೂ ಕಾಲೇಜಿನ ಮೆಟ್ಟಿಲು ಹತ್ತದಿರುವ ಹುಡುಗಿಯೊಬ್ಬಳು ಆ ಕಾಗದದ ಎದುರಿಗೆ ಕುಳಿತರೆ ಅವಳಿಗೆ ದಿಕ್ಕು ತೋಚುವುದು ಕಷ್ಟ.

ಇದನ್ನು ಕುರಿತು ಒಹಾಯೊ ಮತ್ತು ಉತ್ತರ ಕ್ಯಾರೊಲೈನಾಗಳಲ್ಲಿ ನಡೆದ ಒಂದು ಪ್ರಯೋಗ ವಿಶೇಷವಾಗಿ ಗಮನಾರ್ಹವಾದುದು. ಎರಿಕ್ ಬೆಟಿಂಗರ್, ಬ್ರಿಜೆಟ್ ಲಾಂಗ್ ಮೊದಲಾದ ಅರ್ಥಶಾಸ್ತ್ರಜ್ಞರು, ಬಡ ಸಂಸಾರಗಳು ತೆರಿಗೆಯ ಲೆಕ್ಕ ಬರೆಯಿಸಲು ಹೋಗುವ ಕಚೇರಿಯಲ್ಲಿಯೇ, ಆ ಲೆಕ್ಕದ ಅಂಕಿಗಳನ್ನೇ ಬಳಸಿ, ಕೆಲವೇ ನಿಮಿಷಗಳಲ್ಲಿ ಈ ಅರ್ಜಿಯನ್ನೂ ತುಂಬಿಸಿಕೊಡುವ ಏರ್ಪಾಡು ಮಾಡಿದರು. ಇನ್ನು ಕೆಲವರಿಗೆ ಅನುದಾನ ಎಷ್ಟು ಬರಬಹುದೆಂಬ ಮಾಹಿತಿಯನ್ನು ಮಾತ್ರ ಕೊಟ್ಟರು. ಅರ್ಜಿ ತುಂಬಿಸಿಕೊಟ್ಟ ಸಂಸಾರಗಳ, ಪ್ರೌಢಶಾಲೆ ಮುಗಿಸುತ್ತಿದ್ದ ಮಕ್ಕಳಲ್ಲಿ ಕಾಲೇಜು ಸೇರಿದವರ ಪ್ರಮಾಣ ನೂರಕ್ಕೆ ಎಂಟರಷ್ಟು ಏರಿತು. ಮಾಹಿತಿಯನ್ನಷ್ಟೇ ಪಡೆದವರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಆಗಲಿಲ್ಲ. ಪ್ರಚಾರಪತ್ರಗಳನ್ನು ಹಂಚಿ ಕೃತಾರ್ಥರಾದೆವೆಂದುಕೊಳ್ಳುವ ಎಲ್ಲ ಇಲಾಖೆಗಳೂ ಈ ಫಲಿತಾಂಶವನ್ನು ಮನನ ಮಾಡಬೇಕು. ಮುಂದೆ 2020ರ ಡಿಸೆಂಬರಿನಲ್ಲಿ ಅರ್ಜಿಯನ್ನು ಸರಳಗೊಳಿಸುವ ಕಾನೂನೇನೋ ಆಯಿತು. ಆದರೆ ಅಕ್ಟೋಬರಿನಲ್ಲಿ ತೆರೆಯಬೇಕಾಗಿದ್ದ ಹೊಸ ಅರ್ಜಿ 2023ರ ಡಿಸೆಂಬರಿನ ಕೊನೆಯಲ್ಲಿ, ಅದೂ ದೋಷಗಳಿಂದ ತುಂಬಿಕೊಂಡು, ಹೊರಬಂದುದರಿಂದ, ಯಾರ ಅನುಕೂಲಕ್ಕಾಗಿ ಅದನ್ನು ಸರಳಗೊಳಿಸಿದರೋ ಆ ಮಕ್ಕಳೇ ಆ ವರ್ಷ ಹೆಚ್ಚಾಗಿ ಬಾಧೆಪಟ್ಟರು.

ಶುಲ್ಕವನ್ನೇ ತೆಗೆದುಹಾಕಿದರೆ ಹೇಗೆ ಎಂಬ ಯೋಚನೆಯನ್ನು ಕಾರ್ಯಕ್ಕೆ ತಂದವರಲ್ಲಿ ಟೆನೆಸಿ ಸಂಸ್ಥಾನದವರು ಮುಂಚೂಣಿಯಲ್ಲಿರುವವರು. ಗವರ್ನರ್ ಬಿಲ್ ಹ್ಯಾಸ್ಲಮ್ ಅವರ ಕಾಲದಲ್ಲಿ, 2014ರಲ್ಲಿ ಆದ ಕಾನೂನಿನ ಮೇರೆಗೆ, ಪ್ರೌಢಶಾಲೆ ಮುಗಿಸಿದ ಯಾರೇ ಆಗಲಿ ಸಮುದಾಯ ಕಾಲೇಜಿಗೆ ಸೇರಿದರೆ, ಉಳಿದ ಅನುದಾನಗಳೆಲ್ಲ ಕಳೆದು ಮಿಕ್ಕ ಶುಲ್ಕವನ್ನು ಸಂಸ್ಥಾನವೇ ಕೊಡುತ್ತದೆ. ಅದಕ್ಕೆ ಹಣ ಲಾಟರಿಯ ನಿಧಿಯಿಂದ. ಪ್ರತಿಯಾಗಿ ವಿದ್ಯಾರ್ಥಿ ಪ್ರತಿ ಅವಧಿಯಲ್ಲಿಯೂ ಎಂಟು ಗಂಟೆ ಸಮಾಜಸೇವೆ ಮಾಡಬೇಕು. ಊರಿನ ಹಿರಿಯರೊಬ್ಬರು ಅವನಿಗೆ ಮಾರ್ಗದರ್ಶಿಯಾಗಿರುತ್ತಾರೆ. ಕಾಲೇಜಿಗೆ ದುಡ್ಡು ಬೇಡವೆಂಬ ಸರಳವಾದ ಒಂದು ವಾಕ್ಯ ಮನೆಮನೆಗೆ ಮುಟ್ಟಿದ್ದರಿಂದ ಅಲ್ಲಿ ಪ್ರವೇಶ ಹೆಚ್ಚಿತು. 2018ರಿಂದ ವಯಸ್ಕರಿಗೂ ಇದೇ ಬಗೆಯ ಸೌಲಭ್ಯ ದೊರೆಯಿತು. 2021ರಲ್ಲಿ ಮಿಷಿಗನ್ ಅದೇ ದಾರಿ ಹಿಡಿಯಿತು. ಆದರೆ ಇದರಲ್ಲಿ ಒಂದು ನ್ಯೂನತೆಯುಂಟು. ತೀರ ಬಡವನಾದ ವಿದ್ಯಾರ್ಥಿಯ ಶುಲ್ಕ ಪೆಲ್ ಅನುದಾನದಲ್ಲಿಯೇ ಸಂದುಹೋಗುವುದರಿಂದ, ಮಿಕ್ಕದ್ದನ್ನು ಕೊಡುತ್ತೇವೆನ್ನುವ ಯೋಜನೆಯಿಂದ ಅವನ ಕೈಗೆ ಒಂದು ಕಾಸೂ ಬರುವುದಿಲ್ಲ; ಅವನಿಗೆ ನಿಜವಾಗಿ ಬೇಕಾದ ಬಾಡಿಗೆ, ಬಸ್ಸಿನ ಚಾರ್ಜು, ಪುಸ್ತಕಗಳ ಬೆಲೆ ಹಾಗೆಯೇ ಉಳಿಯುತ್ತವೆ.

ಪ್ರವೇಶದ ಏರಿಳಿತಕ್ಕೆ ದೇಶದ ಆರ್ಥಿಕ ಸ್ಥಿತಿಯೂ ಕಾರಣ. ಕೆಲಸಗಳು ಹೋದಾಗ ಜನ ಕಾಲೇಜಿಗೆ ಬರುತ್ತಾರೆ. ಕೆಲಸ ಸಿಕ್ಕಾಗ ಬಿಡುತ್ತಾರೆ. 2009ರ ಮುಗ್ಗಟ್ಟಿನಲ್ಲಿ ಬಾಸ್ಟನ್ನಿನ ಬಂಕರ್ ಹಿಲ್ ಸಮುದಾಯ ಕಾಲೇಜಿಗೆ ಬಂದ ಜನಕ್ಕೆ ಕೊಠಡಿಗಳು ಸಾಲದೆ, ರಾತ್ರಿ 11 ಗಂಟೆ 45 ನಿಮಿಷಕ್ಕೆ ಆರಂಭವಾಗಿ ಎರಡೂವರೆಗೆ ಮುಗಿಯುವ ತರಗತಿಗಳನ್ನೇ ತೆರೆದರು. ಪಾಳಿ ಮುಗಿಸಿದವರು, ಮಕ್ಕಳನ್ನು ಮಲಗಿಸಿ ಬಂದವರು ಆ ಹೊತ್ತಿನಲ್ಲಿ ಕುಳಿತು ಮನಶ್ಶಾಸ್ತ್ರವನ್ನೂ ಇಂಗ್ಲಿಷ್ ಬರವಣಿಗೆಯನ್ನೂ ಕಲಿತರು. ವಿದ್ಯೆಯಲ್ಲಿ ಜನಕ್ಕೆ ಆಸಕ್ತಿಯಿಲ್ಲವೆನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಆದರೆ 2020ರ ಕೋವಿಡ್ ಕಾಲದಲ್ಲಿ ಈ ನಿಯಮ ತಲೆಕೆಳಗಾಯಿತು. ಮುಗ್ಗಟ್ಟು ಬಂದರೂ ಪ್ರವೇಶ ಏರಲಿಲ್ಲ; ಆ ವರ್ಷದ ಶರತ್ಕಾಲದಲ್ಲಿ ಸಮುದಾಯ ಕಾಲೇಜುಗಳ ಒಟ್ಟು ಸಂಖ್ಯೆ ಶೇಕಡಾ ಹತ್ತರಷ್ಟೂ, ಹೊಸಬರ ಸಂಖ್ಯೆ ಶೇಕಡಾ ಇಪ್ಪತ್ತಕ್ಕೂ ಹೆಚ್ಚಾಗಿಯೂ ಕುಸಿಯಿತು. ವೆಲ್ಡಿಂಗನ್ನೂ ಶುಶ್ರೂಷೆಯನ್ನೂ ಮನೆಯಲ್ಲಿ ಕುಳಿತು ಗಣಕಯಂತ್ರದ ಮುಂದೆ ಕಲಿಯಲಾಗದು. ಶಾಲೆ ಮುಚ್ಚಿದಾಗ ಮನೆಯಲ್ಲಿದ್ದ ಮಕ್ಕಳನ್ನು ನೋಡಿಕೊಳ್ಳುವವರು ಬೇರೆ ಇರಲಿಲ್ಲ. ಅನಂತರ ಸಂಖ್ಯೆ ಚೇತರಿಸಿಕೊಳ್ಳುತ್ತ ಬಂದಿದೆ. ಅದರಲ್ಲಿ ಪ್ರೌಢಶಾಲೆಯಲ್ಲಿರುವಾಗಲೇ ಕಾಲೇಜಿನ ಪಾಠಗಳನ್ನು ಓದುವ ಮಕ್ಕಳ ಪಾಲು ದೊಡ್ಡದು.

ಬಂದವರನ್ನು ಪರಿಹಾರ ತರಗತಿಗಳಲ್ಲಿ ತಡೆದು ನಿಲ್ಲಿಸುವ ಹಳೆಯ ಪದ್ಧತಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಒಂದು ಪರೀಕ್ಷೆಯ ಅಂಕವನ್ನು ನೋಡಿ, ಪದವಿಗೆ ಸೇರದ ಗಣಿತ ಪಾಠಗಳ ಸರಣಿಯಲ್ಲಿ ವಿದ್ಯಾರ್ಥಿಯನ್ನು ಒಂದೆರಡು ವರ್ಷ ನಿಲ್ಲಿಸಿದರೆ, ಅವನು ಆ ಸರಣಿಯಲ್ಲಿಯೇ ದಣಿದು ಓದನ್ನು ಬಿಡುತ್ತಾನೆಂಬುದು ಕೊಲಂಬಿಯಾ ವಿಶ್ವವಿದ್ಯಾನಿಲಯದ ಸಮುದಾಯ ಕಾಲೇಜು ಸಂಶೋಧನಾ ಕೇಂದ್ರದವರ ಅಧ್ಯಯನಗಳಿಂದ ಚೆನ್ನಾಗಿ ಸಿದ್ಧವಾಯಿತು. ಕ್ಯಾಲಿಫೋರ್ನಿಯಾ 2017ರ ಕಾನೂನಿನಿಂದ ಈ ತಡೆಯನ್ನು ಬಹುಮಟ್ಟಿಗೆ ತೆಗೆದುಹಾಕಿತು. ಅದು ಸರಿಯಾದ ಕೆಲಸವೆಂದೇ ನನ್ನ ಅಭಿಪ್ರಾಯ. ಆದರೆ ತಡೆಯನ್ನು ತೆಗೆದ ಕಡೆ ಕೈಹಿಡಿದು ಕಲಿಸುವ ಅಧ್ಯಾಪಕರನ್ನು ನಿಲ್ಲಿಸದಿದ್ದರೆ ಅದರ ಫಲ ಅರ್ಧವೇ.

ಇನ್ನು ಅನ್ನದ ಮಾತು. ಪ್ರಪಂಚದ ಅತ್ಯಂತ ಸಂಪದ್ಭರಿತವಾದ ದೇಶದಲ್ಲಿ ಕಾಲೇಜು ವಿದ್ಯಾರ್ಥಿ ಹಸಿದಿರುತ್ತಾನೆಂದರೆ ಮೊದಲು ಯಾರೂ ನಂಬಲಿಲ್ಲ. ಸಾರಾ ಗೋಲ್ಡ್ರಿಕ್-ರಾಬ್ ಎಂಬ ಸಮಾಜಶಾಸ್ತ್ರಜ್ಞೆ ವಿಸ್ಕಾನ್ಸಿನ್ನಿನ ಮೂರು ಸಾವಿರ ಬಡ ವಿದ್ಯಾರ್ಥಿಗಳನ್ನು ವರ್ಷಾನುಗಟ್ಟಲೆ ಅನುಸರಿಸಿ 2016ರಲ್ಲಿ ಪ್ರಕಟಿಸಿದ ಗ್ರಂಥ ಆ ಅಪನಂಬಿಕೆಯನ್ನು ಬಹುಮಟ್ಟಿಗೆ ಹೋಗಲಾಡಿಸಿತು. 2020ರ ಕೇಂದ್ರ ಸರ್ಕಾರದ ಸಮೀಕ್ಷೆಯಲ್ಲಿ ಪದವಿ ವಿದ್ಯಾರ್ಥಿಗಳಲ್ಲಿ ನೂರಕ್ಕೆ 23 ಮಂದಿಗೆ ಆಹಾರದ ಭದ್ರತೆಯಿಲ್ಲವೆಂದೂ, ನೂರಕ್ಕೆ ಎಂಟು ಮಂದಿ ಮನೆಯಿಲ್ಲದ ಸ್ಥಿತಿಯನ್ನು ಅನುಭವಿಸಿದವರೆಂದೂ ಕಂಡುಬಂತು. ಬಡವರಿಗೆ ದಿನಸಿ ಕೊಳ್ಳಲು ಸರ್ಕಾರ ಕೊಡುವ ಸ್ನ್ಯಾಪ್ ಎಂಬ ನೆರವು ಇವರಿಗೆ ಏಕೆ ಮುಟ್ಟುವುದಿಲ್ಲವೆಂದರೆ, ಅರ್ಧಾವಧಿಗಾಗಲಿ ಅದಕ್ಕೂ ಮಿಗಿಲಾಗಿ ಆಗಲಿ ಕಾಲೇಜಿಗೆ ಸೇರಿದವರು, ಎಳೆಯ ಮಕ್ಕಳ ಪಾಲನೆಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ವಾರಕ್ಕೆ 20 ಗಂಟೆ ದುಡಿದರೆ ಮಾತ್ರ ಅದಕ್ಕೆ ಅರ್ಹರು. ಅನುಕೂಲಸ್ಥರ ಮಕ್ಕಳು ಈ ನೆರವನ್ನು ಬಳಸಿಕೊಳ್ಳಬಾರದೆಂದು ಹಿಂದೆ ಮಾಡಿದ ಈ ನಿಯಮ ಇಂದು ಓದುವ ಬಡವನಿಗೆ ದಂಡವಾಗಿದೆ; ಓದನ್ನು ಬಿಟ್ಟರೆ ಊಟ ಸಿಗುತ್ತದೆ, ಓದಿದರೆ ಸಿಗುವುದಿಲ್ಲ. ಅರ್ಹರಾಗಿದ್ದೂ ಈ ನೆರವನ್ನು ಪಡೆಯದೆ ಇರುವ ವಿದ್ಯಾರ್ಥಿಗಳ ಸಂಖ್ಯೆ 20 ಲಕ್ಷಕ್ಕೆ ಸಮೀಪವಿರಬಹುದೆಂದು ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 2018ರಲ್ಲಿ ವರದಿ ಮಾಡಿತು.

ಈ ವಿಷಯದಲ್ಲಿ ಟೆಕ್ಸಸ್ಸಿನ ಉತ್ತರ ಭಾಗದ ಅಮರಿಲೊ ಕಾಲೇಜಿನವರು ಮಾಡಿದ ಕೆಲಸವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನಿಮ್ಮ ಓದಿಗೆ ಅಡ್ಡಿಯಾಗಿರುವುದು ಏನೆಂದು ಅವರು ತಮ್ಮ ವಿದ್ಯಾರ್ಥಿಗಳನ್ನೇ ಕೇಳಿದರು. ಗಣಿತ ಕಷ್ಟ, ಪುಸ್ತಕ ಕಠಿನ ಎಂಬ ಉತ್ತರ ಬರುವುದೆಂದು ಅಧ್ಯಾಪಕರು ಎಣಿಸಿದ್ದರು. ಬಂದ ಉತ್ತರಗಳು ಬೇರೆ: ಮಗುವನ್ನು ಬಿಟ್ಟುಬರಲು ಸ್ಥಳವಿಲ್ಲ, ಕಾರು ಕೆಟ್ಟಿದೆ, ವಿದ್ಯುತ್ತಿನ ಬಿಲ್ಲು ಕಟ್ಟಿಲ್ಲ, ಬಾಡಿಗೆ ಬಾಕಿ, ಆಸ್ಪತ್ರೆಗೆ ಹೋಗಲು ದುಡ್ಡಿಲ್ಲ. ಆಗ ಅವರು ತಮ್ಮ ಸಾಮಾನ್ಯ ವಿದ್ಯಾರ್ಥಿ ಯಾರೆಂಬುದನ್ನು ಲೆಕ್ಕಹಾಕಿ, ಅವಳಿಗೆ ಮರಿಯಾ ಎಂದು ಹೆಸರಿಟ್ಟರು. ಮರಿಯಾ ಲ್ಯಾಟಿನೊ ಸಮುದಾಯದ ಹೆಣ್ಣುಮಗಳು, ವಯಸ್ಸು ಇಪ್ಪತ್ತೇಳು, ಮಕ್ಕಳೊಂದಿಗಳು, ಮನೆಯಲ್ಲಿ ಕಾಲೇಜು ಕಂಡ ಮೊದಲನೆಯವಳು, ಎರಡು ಕಡೆ ದುಡಿಯುತ್ತ ಬಿಡುವಿನಲ್ಲಿ ಓದುವವಳು. ಯಾವ ನಿಯಮವನ್ನು ಮಾಡುವಾಗಲೂ, ಇದರಿಂದ ಮರಿಯಾಳಿಗೆ ಅನುಕೂಲವೇ ಅನನುಕೂಲವೇ ಎಂದು ಕೇಳುವುದು ಆ ಕಾಲೇಜಿನ ಕ್ರಮವಾಯಿತು. ಹದಿನಾರು ವಾರದ ಪಾಠಗಳನ್ನು ಎಂಟು ವಾರಕ್ಕೆ ಇಳಿಸಿದರು. ಹಾಗೆ ಮಾಡಿದರೆ ನಡುವೆ ಕಷ್ಟ ಬಂದವರು ಕಳೆದುಕೊಳ್ಳುವುದು ಎಂಟು ವಾರವನ್ನೇ ಹೊರತು ಅರ್ಧ ವರ್ಷವನ್ನಲ್ಲ. ದಿನಸಿ, ಉಡುಪು, ಸಮಾಜಕಾರ್ಯಕರ್ತರು, ತುರ್ತು ಧನಸಹಾಯ ಎಲ್ಲವೂ ಒಂದೇ ಕಡೆ ದೊರೆಯುವ ಕೇಂದ್ರವನ್ನು ತೆರೆದರು. ಅಧ್ಯಕ್ಷರಾಗಿದ್ದ ರಸೆಲ್ ಲೋವರಿ-ಹಾರ್ಟ್ ಅವರು ಮನೆಯಿಲ್ಲದವರ ಸ್ಥಿತಿಯನ್ನು ತಿಳಿಯುವುದಕ್ಕಾಗಿ ವೇಕೊ ಎಂಬ ಊರಿನ ಬೀದಿಯಲ್ಲಿ ಕೆಲವು ದಿನ ತಾವೇ ಹಾಗೆ ಇದ್ದುಬಂದರು. ಸಮುದಾಯ ಕಾಲೇಜುಗಳಿಗೆ ಸಲ್ಲುವ ಆಸ್ಪೆನ್ ಪ್ರಶಸ್ತಿಯನ್ನು 2023ರಲ್ಲಿ ಅಮರಿಲೊ, ಇಂಪೀರಿಯಲ್ ವ್ಯಾಲಿ ಕಾಲೇಜಿನೊಡನೆ ಹಂಚಿಕೊಂಡಿತು.

ವಸತಿಯ ಪ್ರಶ್ನೆ ಅನ್ನದ ಪ್ರಶ್ನೆಗಿಂತಲೂ ಜಟಿಲವಾದುದು, ಏಕೆಂದರೆ ದಿನಸಿಯನ್ನು ದಾನಿಗಳಿಂದ ಸಂಗ್ರಹಿಸಬಹುದು, ಮನೆಯನ್ನು ಸಂಗ್ರಹಿಸಲಾಗದು. ವಾಷಿಂಗ್ಟನ್ ಸಂಸ್ಥಾನದ ಟಕೋಮಾದಲ್ಲಿ ನಗರದ ವಸತಿ ಪ್ರಾಧಿಕಾರವೇ ಕಾಲೇಜಿನೊಡನೆ ಕೂಡಿ 2014ರಿಂದ ವಿದ್ಯಾರ್ಥಿಗಳಿಗೆ ಬಾಡಿಗೆಯ ನೆರವನ್ನು ಕೊಡಲು ತೊಡಗಿತು. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಕಾಲೇಜಿನವರು 2021ರಲ್ಲಿ, ಮನೆಯಿಲ್ಲದೆ ಕಾರುಗಳಲ್ಲಿ ಮಲಗುತ್ತಿದ್ದ ತಮ್ಮ ವಿದ್ಯಾರ್ಥಿಗಳಿಗೆ ಆವರಣದ ಪಾರ್ಕಿಂಗ್ ಕಟ್ಟಡದಲ್ಲಿ ರಾತ್ರಿ ನಿಲ್ಲಲು ಅನುಮತಿ ಕೊಟ್ಟು, ಕಾವಲು, ಶೌಚಾಲಯ, ಅಂತರಜಾಲ ಇವನ್ನೂ ಒದಗಿಸಿದರು. ಇದು ಪರಿಹಾರವಲ್ಲವೆಂದು ಅವರಿಗೂ ಗೊತ್ತು. ಆದರೂ ರಾತ್ರಿಯೆಲ್ಲ ಬೀದಿಯಿಂದ ಬೀದಿಗೆ ಕಾರನ್ನು ಕದಲಿಸುತ್ತ, ಪೊಲೀಸಿನವರು ಕಿಟಕಿ ತಟ್ಟುವರೆಂಬ ಭಯದಲ್ಲಿ ಅರೆನಿದ್ದೆ ಮಾಡಿ, ಬೆಳಗ್ಗೆ ತರಗತಿಯಲ್ಲಿ ಕುಳಿತುಕೊಳ್ಳುವವನಿಗೆ ಅದು ಮಹದುಪಕಾರ. ಪ್ರತಿಯೊಂದು ಸಮುದಾಯ ಕಾಲೇಜಿನಲ್ಲಿಯೂ ಮೂಲಭೂತ ಅಗತ್ಯಗಳ ಕೇಂದ್ರವೊಂದು ಇರಬೇಕೆಂದು ಆ ಸಂಸ್ಥಾನ 2021ರಲ್ಲಿ ಕಾನೂನನ್ನೇ ಮಾಡಿತು.

ಇದನ್ನೆಲ್ಲ ಓದುವ ಕನ್ನಡಿಗನಿಗೆ ಹೊಸತೆನಿಸುವುದಿಲ್ಲ. ವಾರದ ಏಳು ದಿನ ಏಳು ಮನೆಗಳಲ್ಲಿ ಉಂಡು ಓದಿದ ವಾರಾನ್ನದ ಹುಡುಗರು, ಮಠಗಳ ಮತ್ತು ಸಂಘಗಳ ಉಚಿತ ವಿದ್ಯಾರ್ಥಿನಿಲಯಗಳಲ್ಲಿ ಬೆಳೆದವರು, ಸಿದ್ಧಗಂಗೆಯ ದಾಸೋಹದಲ್ಲಿ ಊಟ ಮಾಡಿ ಅಕ್ಷರ ಕಲಿತ ಸಾವಿರಾರು ಮಕ್ಕಳು ನಮ್ಮ ನಾಡಿನ ವಿದ್ಯಾಭ್ಯಾಸದ ಚರಿತ್ರೆಯಲ್ಲಿದ್ದಾರೆ. ಅನ್ನವನ್ನೂ ಅಕ್ಷರವನ್ನೂ ಒಂದೇ ಆವರಣದಲ್ಲಿ ಕೊಡಬೇಕೆಂಬುದನ್ನು ಇಲ್ಲಿನ ಹಿರಿಯರು ಯಾವ ಸಮೀಕ್ಷೆಯೂ ಇಲ್ಲದೆ ಕಂಡುಕೊಂಡಿದ್ದರು. ಅಮೆರಿಕದ ಸಮುದಾಯ ಕಾಲೇಜುಗಳಾದರೋ, ವಿದ್ಯಾರ್ಥಿ ತನ್ನ ಮನೆಯಿಂದಲೇ ಬಂದುಹೋಗುವನೆಂಬ ಭಾವನೆಯ ಮೇಲೆ ಕಟ್ಟಲ್ಪಟ್ಟವು. ಅವುಗಳಲ್ಲಿ ಹೆಚ್ಚಿನವಕ್ಕೆ ವಿದ್ಯಾರ್ಥಿನಿಲಯವೇ ಇಲ್ಲ. ಆ ಮನೆಯೇ ಇಲ್ಲವಾದಾಗ ಏನು ಮಾಡಬೇಕೆಂಬುದನ್ನು ಅವು ಈಗ ಕಲಿಯುತ್ತಿವೆ.

ಬಿಡಿಬಿಡಿಯಾದ ಈ ಉಪಾಯಗಳನ್ನೆಲ್ಲ ಒಂದುಗೂಡಿಸಿದರೆ ಏನಾಗುತ್ತದೆಂಬುದಕ್ಕೆ ನ್ಯೂಯಾರ್ಕ್ ನಗರದ ಅಸಾಪ್ ಎಂಬ ಯೋಜನೆ ಶ್ರೇಷ್ಠವಾದ ನಿದರ್ಶನ. 2007ರಲ್ಲಿ ಅಲ್ಲಿನ ನಗರ ವಿಶ್ವವಿದ್ಯಾನಿಲಯದ ಸಮುದಾಯ ಕಾಲೇಜುಗಳಲ್ಲಿ ಆರಂಭವಾದ ಇದರ ಕರಾರು ಸ್ಪಷ್ಟವಾದುದು: ವಿದ್ಯಾರ್ಥಿ ಪೂರ್ಣಾವಧಿಗೆ ಸೇರಬೇಕು, ಸಲಹೆಗಾರನನ್ನು ತಪ್ಪದೆ ಕಾಣಬೇಕು, ಹಿಂದುಳಿದ ಪಾಠಗಳನ್ನು ಮೊದಲೇ ಮುಗಿಸಬೇಕು. ಕಾಲೇಜು ಮಿಕ್ಕ ಶುಲ್ಕವನ್ನು ತಾನೇ ಭರಿಸುತ್ತದೆ, ಪುಸ್ತಕಗಳನ್ನು ಕೊಡುತ್ತದೆ, ತಿಂಗಳು ತಿಂಗಳೂ ಸಬ್‌ವೇ ರೈಲು ಮತ್ತು ಬಸ್ಸುಗಳಿಗೆ ನಡೆಯುವ ಪ್ರಯಾಣದ ಕಾರ್ಡನ್ನು ಕೊಡುತ್ತದೆ. ಸಲಹೆಗಾರನನ್ನು ಕಾಣುವುದಕ್ಕೂ ಕಾರ್ಡಿಗೂ ಗಂಟು ಹಾಕಿದ್ದರಿಂದ, ಕಾರ್ಡಿಗಾಗಿ ಬಂದವನು ತನ್ನ ಕಷ್ಟವನ್ನೂ ಹೇಳಿ ಹೋಗುತ್ತಿದ್ದನು. ಸಾಮಾನ್ಯ ವ್ಯವಸ್ಥೆಯಲ್ಲಿ ಒಬ್ಬ ಸಲಹೆಗಾರನ ಪಾಲಿಗೆ ಆರುನೂರಕ್ಕೂ ಮಿಕ್ಕು ವಿದ್ಯಾರ್ಥಿಗಳಿದ್ದರೆ ಇಲ್ಲಿ ಅರವತ್ತರಿಂದ ಎಂಬತ್ತು. ಅಷ್ಟು ಮಂದಿಯ ಮುಖಪರಿಚಯವಿರುವುದು ಮನುಷ್ಯಸಾಧ್ಯ. ಚೀಟಿ ಎತ್ತಿದಂತೆ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ ಎಂ.ಡಿ.ಆರ್.ಸಿ. ಎಂಬ ಸಂಸ್ಥೆ ನಡೆಸಿದ ಪರೀಕ್ಷೆಯಲ್ಲಿ, ಮೂರು ವರ್ಷಗಳೊಳಗೆ ಪದವಿ ಮುಗಿಸಿದವರು ಈ ಯೋಜನೆಯಲ್ಲಿ ನೂರಕ್ಕೆ 40, ಹೊರಗಿದ್ದವರಲ್ಲಿ 22. ಒಹಾಯೊ ಸಂಸ್ಥಾನದ ಮೂರು ಕಾಲೇಜುಗಳಲ್ಲಿ ಅದನ್ನೇ ನಡೆಸಿ ನೋಡಿದಾಗಲೂ 35ಕ್ಕೆ 19ರಂತೆ ಫಲ ಬಂತು. ನ್ಯೂಯಾರ್ಕಿನಲ್ಲಿ ತಲೆಯೊಂದಕ್ಕೆ ಆದ ವೆಚ್ಚ ಶೇಕಡಾ 60ರಷ್ಟು ಹೆಚ್ಚಾದರೂ, ಪದವಿಯೊಂದಕ್ಕೆ ತಗುಲಿದ ವೆಚ್ಚ ಕಡಮೆಯೇ ಆಯಿತು. ನಾನು ಈ ಇಡೀ ವಿಷಯದಲ್ಲಿ ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಪ್ರವೇಶಕ್ಕೆ ಒಂದು ಕಚೇರಿ, ಅನ್ನಕ್ಕೆ ಇನ್ನೊಂದು, ಉದ್ಯೋಗಕ್ಕೆ ಮತ್ತೊಂದು ಎಂದು ಕಾಲೇಜು ತನ್ನ ಅನುಕೂಲಕ್ಕೆ ವಿಭಾಗಿಸಿಕೊಂಡಿರಬಹುದು. ವಿದ್ಯಾರ್ಥಿಯ ಬಾಳಿನಲ್ಲಿ ಈ ಮೂರೂ ಒಂದೇ ಕಷ್ಟದ ಮುಖಗಳಾದುದರಿಂದ, ಮೂರನ್ನೂ ಕೂಡಿಸಿ ಹಿಡಿದ ಕಡೆ ಮಾತ್ರ ದೊಡ್ಡ ಫಲ ಕಂಡಿದೆ.

ಉದ್ಯೋಗದ ವಿಷಯಕ್ಕೆ ಬಂದರೆ, ಕಾಲೇಜಿಗೂ ಕೆಲಸ ಕೊಡುವವರಿಗೂ ಇರುವ ಸಂಬಂಧ ಎಷ್ಟು ಬಿಗಿಯೋ ಫಲ ಅಷ್ಟು ನಿಶ್ಚಿತ. ಕೆಂಟಕಿಯ ಜಾರ್ಜ್‌ಟೌನ್ನಿನಲ್ಲಿರುವ ಟೊಯೋಟಾ ಕಾರ್ಖಾನೆಯವರು ಬ್ಲೂಗ್ರಾಸ್ ಸಮುದಾಯ ಮತ್ತು ತಾಂತ್ರಿಕ ಕಾಲೇಜಿನೊಡನೆ 2010ರಲ್ಲಿ ಆರಂಭಿಸಿದ ಏರ್ಪಾಡಿನಲ್ಲಿ, ವಿದ್ಯಾರ್ಥಿ ವಾರಕ್ಕೆ ಎರಡು ದಿನ ತರಗತಿಯಲ್ಲಿಯೂ ಮೂರು ದಿನ ಕಾರ್ಖಾನೆಯಲ್ಲಿಯೂ ಇರುತ್ತಾನೆ. ಕಾರ್ಖಾನೆಯ ದಿನಗಳಿಗೆ ಸಂಬಳವುಂಟು. ಹೀಗೆ ಓದಿದವರಲ್ಲಿ ಐದರಲ್ಲಿ ನಾಲ್ಕು ಪಾಲು ಪದವಿ ಮುಗಿಸುತ್ತಾರೆ. ಆಯ್ಕೆ ಬಿಗಿಯಾಗಿರುವುದರಿಂದ ಈ ಫಲವನ್ನು ತೆರೆದ ಬಾಗಿಲಿನ ಕಾಲೇಜಿನ ಫಲದೊಡನೆ ಸಮನಾಗಿ ತೂಗಬಾರದೆಂಬುದನ್ನೂ ಹೇಳಬೇಕು. ಶುಶ್ರೂಷೆಯ ಕ್ಷೇತ್ರದಲ್ಲಿ ಈ ಕಾಲೇಜುಗಳ ಸೇವೆ ಇನ್ನೂ ವ್ಯಾಪಕವಾದುದು. ಮಿಲ್ಡ್ರೆಡ್ ಮೊಂಟಾಗ್ ಎಂಬವರು 1950ರ ದಶಕದ ಆದಿಯಲ್ಲಿ ಎರಡು ವರ್ಷದ ನರ್ಸಿಂಗ್ ಶಿಕ್ಷಣವನ್ನು ಕಾಲೇಜುಗಳಲ್ಲಿ ಪ್ರಯೋಗಿಸಿ ತೋರಿಸಿದ ಮೇಲೆ, ದೇಶದ ನರ್ಸುಗಳಲ್ಲಿ ದೊಡ್ಡದೊಂದು ಪಾಲು ಇಲ್ಲಿಂದಲೇ ಬರುತ್ತಿದ್ದಾರೆ. ಕೆಲಸವೂ ಖಚಿತ, ಸಂಬಳವೂ ಉತ್ತಮ. ಆದರೂ ಸೇರಬೇಕೆನ್ನುವವರೆಲ್ಲರಿಗೂ ಸ್ಥಳವಿಲ್ಲ. ಆಸ್ಪತ್ರೆಯಲ್ಲಿ ದುಡಿಯುವ ನರ್ಸಿನ ಸಂಬಳ ಅವಳಿಗೆ ಪಾಠ ಹೇಳುವ ಅಧ್ಯಾಪಕಿಯ ಸಂಬಳಕ್ಕಿಂತ ಹೆಚ್ಚಾಗಿರುವಾಗ ಅಧ್ಯಾಪಕಿಯರು ಸಿಗುವುದೆಲ್ಲಿಂದ?

ವಿಶ್ವವಿದ್ಯಾನಿಲಯಕ್ಕೆ ದಾಟುವವರ ಕಷ್ಟ ಬೇರೆ ಬಗೆಯದು. ಕಾಲೇಜಿನಲ್ಲಿ ಓದಿದ ಪಾಠಗಳನ್ನು ವಿಶ್ವವಿದ್ಯಾನಿಲಯ ಒಪ್ಪದಿದ್ದರೆ ಅವನ್ನೇ ಮತ್ತೆ ಓದಬೇಕು, ಮತ್ತೆ ದುಡ್ಡು ಕಟ್ಟಬೇಕು. ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಹೋಗುವ ವಿದ್ಯಾರ್ಥಿಗಳು ಸರಾಸರಿ ತಮ್ಮ ಕ್ರೆಡಿಟ್ಟುಗಳಲ್ಲಿ ಶೇಕಡಾ 43ನ್ನು ಕಳೆದುಕೊಳ್ಳುತ್ತಾರೆಂದು ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿಯೇ 2017ರಲ್ಲಿ ಅಂದಾಜು ಮಾಡಿತು. ಎರಡು ಸಂಸ್ಥೆಗಳೂ ಪ್ರಜೆಗಳ ತೆರಿಗೆಯಿಂದಲೇ ನಡೆಯುವಾಗ ಈ ಪೋಲು ಅಕ್ಷಮ್ಯವಾದುದು. ಇನ್ನೊಂದು ಕಡೆ, ಕೆಲವೇ ವಾರಗಳ ಕಸುಬಿನ ಶಿಕ್ಷಣಕ್ಕೆ ಈಗ ಒಲವು ಹೆಚ್ಚುತ್ತಿದೆ. ಎಂಟರಿಂದ ಹದಿನೈದು ವಾರದ ಶಿಕ್ಷಣಕ್ಕೂ 2026ರ ಜುಲೈನಿಂದ ಪೆಲ್ ಅನುದಾನ ಸಲ್ಲಬಹುದೆಂದು 2025ರ ಕಾನೂನು ಹೇಳಿದೆ. ಟೆಕ್ಸಸ್ ಸಂಸ್ಥಾನ 2023ರಿಂದ ಕಾಲೇಜುಗಳಿಗೆ ಕೊಡುವ ಹಣವನ್ನು, ಸೇರಿದವರ ಸಂಖ್ಯೆಯನ್ನು ನೋಡಿಯಲ್ಲದೆ ಮುಗಿಸಿದವರ ಮತ್ತು ದಾಟಿದವರ ಸಂಖ್ಯೆಯನ್ನು ನೋಡಿ ಹಂಚತೊಡಗಿದೆ. ಮರಿಯಾಳಂಥವಳಿಗೆ ಬೇಗ ಕೆಲಸ ಸಿಗುವುದು ಒಳ್ಳೆಯದೇ. ಆದರೆ ಹತ್ತು ವಾರದ ಪ್ರಮಾಣಪತ್ರ ಹತ್ತು ವರ್ಷದ ಬಾಳಿಗೆ ಸಾಲದು. ಅದು ಮುಂದಿನ ಪದವಿಗೆ ಸೇರಿಕೊಳ್ಳುವ ಹಾಗೆ ಇರಬೇಕು. ಇಲ್ಲವಾದರೆ ಬರ್ಟನ್ ಕ್ಲಾರ್ಕ್ ಕಂಡ ಆ ಆಸೆಯಿಳಿಸುವ ಕೆಲಸವೇ ಹೊಸ ಹೆಸರಿನಲ್ಲಿ ಮುಂದುವರಿದಂತಾಗುತ್ತದೆ.

ಇಷ್ಟಕ್ಕೆಲ್ಲ ಹಣವೆಲ್ಲಿ ಎಂಬ ಪ್ರಶ್ನೆಗೆ ಉತ್ತರ ಸುಖಕರವಾದುದಲ್ಲ. ಹೆಚ್ಚು ನೆರವು ಬೇಕಾದ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಈ ಕಾಲೇಜುಗಳಿಗೆ, ಆಯ್ದ ವಿದ್ಯಾರ್ಥಿಗಳನ್ನು ಮಾತ್ರ ಸೇರಿಸಿಕೊಳ್ಳುವ ವಿಶ್ವವಿದ್ಯಾನಿಲಯಗಳಿಗಿಂತ ತಲೆಯೊಂದಕ್ಕೆ ಕಡಮೆ ಹಣ ಸಲ್ಲುತ್ತಿದೆ. ಪಾಠ ಹೇಳುವವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅರೆಕಾಲಿಕರು. ಎರಡು ಮೂರು ಕಾಲೇಜುಗಳ ನಡುವೆ ಓಡಾಡಿ ಜೀವನ ಸಾಗಿಸುವ ಅಂಥ ಅಧ್ಯಾಪಕನಿಗೆ ವಿದ್ಯಾರ್ಥಿಯ ಕಷ್ಟ ಕೇಳಲು ಒಂದು ಕುರ್ಚಿಯೂ ಇರುವುದಿಲ್ಲ. ಎರಡು ವರ್ಷದ ಕಾಲೇಜನ್ನು ದೇಶಕ್ಕೆಲ್ಲ ಉಚಿತಗೊಳಿಸಬೇಕೆಂದು ಅಧ್ಯಕ್ಷ ಒಬಾಮ 2015ರಲ್ಲಿ ಸೂಚಿಸಿದರು, ಸ್ವತಃ ಸಮುದಾಯ ಕಾಲೇಜಿನ ಅಧ್ಯಾಪಕಿಯ ಪತಿಯಾದ ಅಧ್ಯಕ್ಷ ಬೈಡನ್ 2021ರಲ್ಲಿ ಮತ್ತೆ ಪ್ರಯತ್ನಿಸಿದರು, ಎರಡೂ ಕೈಗೂಡಲಿಲ್ಲ.

ನಮ್ಮ ದೇಶದಲ್ಲಿಯೂ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ 2013ರಲ್ಲಿ ಈ ಮಾದರಿಯ ಕಾಲೇಜುಗಳಿಗೆ ಯೋಜನೆಯೊಂದನ್ನು ಮಾಡಿತು. ಆದರೆ ಕನ್ನಡಿಗರಿಗೂ ಈ ಕಾಲೇಜುಗಳಿಗೂ ಇರುವ ಹತ್ತಿರದ ಸಂಬಂಧ ಕಾಣುವುದು ಅಮೆರಿಕದಲ್ಲಿಯೇ. ಕೂಪರ್ಟಿನೋದ ಡಿ ಆಂಜಾ, ಫ್ರೀಮಾಂಟಿನ ಓಲೋನಿ ಮೊದಲಾದ ಕಾಲೇಜುಗಳಿರುವ ಊರುಗಳಲ್ಲಿ ನಮ್ಮವರ ಸಂಸಾರಗಳು ಹೇರಳವಾಗಿವೆ. ಗಂಡನ ವೀಸಾಕ್ಕೆ ಅಧೀನವಾದ ಎಚ್-4 ವೀಸಾದ ಮೇಲೆ ಹೋದ ಹೆಣ್ಣುಮಗಳಿಗೆ ಬಹುಕಾಲ ದುಡಿಯಲು ಅನುಮತಿಯಿರಲಿಲ್ಲ, ಓದಲು ಇತ್ತು. ಹಾಗೆ ಓದಲು ಹೋದವಳು ಲೆಕ್ಕಪತ್ರವನ್ನೋ ಶಿಶುಶಿಕ್ಷಣವನ್ನೋ ಪ್ರೋಗ್ರಾಮಿಂಗನ್ನೋ ಕಲಿತು, 2015ರ ಅನಂತರ ಕೆಲವರಿಗೆ ಅನುಮತಿ ದೊರೆತಾಗ ಕೆಲಸಕ್ಕೂ ಸೇರಿದಳು. ಈಗ ಆ ಸಂಸಾರಗಳಲ್ಲಿ ಅನೇಕರು ಅಲ್ಲಿನ ಪ್ರಜೆಗಳು, ಮತದಾರರು. ಕ್ಯಾಲಿಫೋರ್ನಿಯಾ, ಟೆಕ್ಸಸ್, ಇಲಿನಾಯ್ ಮೊದಲಾದ ಸಂಸ್ಥಾನಗಳಲ್ಲಿ ಸಮುದಾಯ ಕಾಲೇಜಿನ ಆಡಳಿತ ಮಂಡಳಿಗೆ ಸದಸ್ಯರನ್ನು ಊರಿನ ಮತದಾರರೇ ಆರಿಸುತ್ತಾರೆ. ಕಟ್ಟಡಗಳಿಗೆ ಸಾಲವೆತ್ತುವ ಪ್ರಶ್ನೆಯೂ ಅವರ ಮುಂದೆಯೇ ಬರುತ್ತದೆ. ಆ ಹೆಸರುಗಳಿರುವುದು ಮತಪತ್ರದ ಕೆಳಭಾಗದಲ್ಲಿ. ಅಧ್ಯಕ್ಷರಿಗೂ ಗವರ್ನರಿಗೂ ಗುರುತು ಹಾಕಿ ಅಷ್ಟಕ್ಕೇ ನಿಲ್ಲಿಸುವವರು ಬಹಳ. ಅಲ್ಲಿರುವ ನಮ್ಮ ಬಂಧುಗಳಲ್ಲಿ ನನ್ನ ವಿನಂತಿಯೆಂದರೆ, ಮುಂದಿನ ಚುನಾವಣೆಯಲ್ಲಿ ಆ ಭಾಗವನ್ನು ಖಾಲಿ ಬಿಡಬೇಡಿ. ಮತ ಕೇಳಲು ಬಂದ ಅಭ್ಯರ್ಥಿಯನ್ನು, ನಿಮ್ಮ ಕಾಲೇಜಿನಲ್ಲಿ ಒಬ್ಬ ಸಲಹೆಗಾರನಿಗೆ ಎಷ್ಟು ವಿದ್ಯಾರ್ಥಿಗಳಿದ್ದಾರೆಂದು ಕೇಳಿ, ಉತ್ತರವನ್ನು ತಿಳಿದುಕೊಂಡು ಮತ ಹಾಕಿ.